ಅಂಗಿ ಮರಳಿಸಬಹುದು, ಕಾರ್ಡನ್ನಲ್ಲ

ಸಾಲ ಬೇಕಾದವನು ಸಾಹುಕಾರನ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದ ಕಾಲವೊಂದಿತ್ತು. ಕಿರಾಣಿ ಅಂಗಡಿಗಳಲ್ಲಿ ಲಕ್ಷ್ಮಿಯ ಪಟದ ಪಕ್ಕದಲ್ಲೇ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ತೂಗುತ್ತಿತ್ತು. ಫಲಕ ಹಾಗೆ ಹೇಳುತ್ತಿದ್ದರೂ ನಮ್ಮ ಬೀದಿಯ ಶೆಟ್ಟರು ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ನನ್ನ ತಂದೆಯ ಹೆಸರಿಗೊಂದು ಪುಟ ತೆಗೆದಿಟ್ಟಿದ್ದರು. ತಿಂಗಳ ಮೊದಲ ವಾರ ಸಂಬಳ ಬಂದೊಡನೆ ಬಾಕಿ ತೀರುತ್ತಿತ್ತು. ಒಂದು ತಿಂಗಳು ತೀರದಿದ್ದರೆ ಶೆಟ್ಟರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು, ಅಷ್ಟೇ. ಆ ಪುಸ್ತಕದಲ್ಲಿ ಬಡ್ಡಿಗೆಂದು ಬೇರೆ ಅಂಕಣವಿರಲಿಲ್ಲ. ಶೆಟ್ಟರು ಪರಮ ದಯಾಳುಗಳೆಂದು ಇದರ ಅರ್ಥವಲ್ಲ. ಅಕ್ಕಿಯ ಬೆಲೆಯಲ್ಲೇ ಅವರು ಅದನ್ನು ಸೇರಿಸಿಕೊಳ್ಳುತ್ತಾರೆಂಬ ಗುಮಾನಿ ನನ್ನ ತಾಯಿಗೆ ಕೊನೆಯವರೆಗೂ ಇತ್ತು. ಆದರೆ ಸಾಲ ಕೊಟ್ಟವರು ಯಾರು, ತೀರಿಸಬೇಕಾದುದು ಯಾರಿಗೆ, ಜಗಳವಾಡಬೇಕಾಗಿ ಬಂದರೆ ಯಾರೊಡನೆ ಎಂಬ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿರಲಿಲ್ಲ.

ಈಗ ಸಾಲವೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನಗರದ ಯಾವುದೇ ದೊಡ್ಡ ಮಳಿಗೆಗೆ ಹೋಗಿ, ಬಿಲ್ ಮಾಡಿಸುವ ಸಾಲಿನಲ್ಲಿ ನಿಂತು ನೋಡಿ. ಹಣ ಕೊಡುವ ಕಟ್ಟೆಗೆ ನಾಲ್ಕು ಹೆಜ್ಜೆ ಮೊದಲೇ ಒಂದು ಪುಟ್ಟ ಮೇಜು, ಅದರ ಹಿಂದೆ ಸಮವಸ್ತ್ರದ ಒಬ್ಬ ಯುವಕನೋ ಯುವತಿಯೋ ಇರುತ್ತಾರೆ. ಮಳಿಗೆಯ ಹೆಸರು ಹೊತ್ತ ಕ್ರೆಡಿಟ್ ಕಾರ್ಡನ್ನು ಅವರು ನಮ್ಮ ಕೈಗೆ ದಾಟಿಸಬೇಕು. ಕಾರ್ಡಿನ ಮೇಲೆ ಮಳಿಗೆಯ ಹೆಸರು ದೊಡ್ಡದಾಗಿಯೂ ಬ್ಯಾಂಕಿನ ಹೆಸರು ಒಂದು ಮೂಲೆಯಲ್ಲಿಯೂ ಇರುತ್ತದೆ. ಬ್ಯಾಂಕಿಂಗ್ ಪರಿಭಾಷೆಯಲ್ಲಿ ಇದು ಸಹ-ಬ್ರ್ಯಾಂಡ್ ಕಾರ್ಡ್. ಸಾಲ ಬ್ಯಾಂಕಿನದು, ಗಿರಾಕಿ ಮಳಿಗೆಯವನು. ಅಮೆರಿಕದ ದೊಡ್ಡ ಮಳಿಗೆಗಳು 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಹುಟ್ಟುವುದಕ್ಕೂ ಬಹಳ ಮೊದಲೇ ತಮ್ಮ ಗಿರಾಕಿಗಳಿಗೆ ತಾವೇ ಖಾತೆ ತೆರೆದು ಕಡ ಕೊಡುತ್ತಿದ್ದವು. ಅಲ್ಲಿ ಅಂಗಡಿಯೇ ಸಾಲಿಗ, ನಮ್ಮ ಶೆಟ್ಟರ ಹಾಗೆ. ನಮ್ಮಲ್ಲಿ ಅಂಗಡಿ ಬರಿಯ ಮಧ್ಯಸ್ಥ. ನಾನು ಹೇಳಹೊರಟಿರುವ ತೊಂದರೆಯ ಬೇರು ಇರುವುದು ಇಲ್ಲಿಯೇ.

2023ರ ಆಯುಧಪೂಜೆಯ ಹಿಂದಿನ ಶನಿವಾರ ನಾನು, ನನ್ನ ಪತ್ನಿ ಇಂಥದೊಂದು ಮಳಿಗೆಗೆ ಹೋಗಿದ್ದೆವು. ಮೊಮ್ಮಗನಿಗೆ ಬಟ್ಟೆ, ಮನೆಗೆ ಹಾಸು ಹೊದಿಕೆ, ಒಂದು ಮಿಕ್ಸರ್. ಎಲ್ಲ ಸೇರಿ 18,400 ರೂಪಾಯಿ. ಮೇಜಿನ ಹಿಂದಿದ್ದ ಹುಡುಗಿ ಅಚ್ಚ ಹಾಸನದ ಕಡೆಯ ಕನ್ನಡದಲ್ಲಿ, “ಸಾರ್, ನಮ್ಮ ಕಾರ್ಡ್ ಮಾಡಿಸ್ಕೊಳ್ಳಿ ಸಾರ್, ಟೆನ್ ಪರ್ಸೆಂಟ್ ಕಡಿಮೆ ಆಗುತ್ತೆ” ಎಂದಳು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳಿದ ನನಗೆ ಇಂಥ ಮಾತು ಕೇಳಿದೊಡನೆ ಪ್ರಶ್ನೆ ಕೇಳುವ ಚಾಳಿ. ವಾರ್ಷಿಕ ಶುಲ್ಕವಿದೆಯೇ ಎಂದೆ. “ಇಲ್ಲ ಸಾರ್, ಲೈಫ್‌ಟೈಮ್ ಫ್ರೀ.” ರಿಯಾಯಿತಿ ಈ ಬಿಲ್ಲಿಗೆ ಸಿಗುತ್ತದೆಯೇ ಎಂದೆ. “ಇದಕ್ಕೇ ಸಾರ್.” ಷರತ್ತುಗಳ ಪ್ರತಿ ಎಲ್ಲಿ ಎಂದೆ. “ಮೊಬೈಲಿಗೆ ಬರುತ್ತೆ ಸಾರ್.” ಮೂರೂ ಉತ್ತರಗಳು ತೃಪ್ತಿಕರವಾಗಿದ್ದುದರಿಂದ ಅರ್ಜಿ ತುಂಬಲಾಯಿತು.

ರಾತ್ರಿ ಮೊಬೈಲಿಗೆ ಕೊಂಡಿಯೊಂದು ಬಂತು. ತೆರೆದರೆ ನಲವತ್ತಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ದಸ್ತಾವೇಜು. ಹನ್ನೊಂದೂವರೆಯವರೆಗೆ ಕುಳಿತು ಓದಿದೆ. ‘ಲೈಫ್‌ಟೈಮ್ ಫ್ರೀ’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸೇರ್ಪಡೆ ಶುಲ್ಕ 499 ರೂಪಾಯಿ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ವರ್ಷಕ್ಕೆ 1 ಲಕ್ಷ ರೂಪಾಯಿ ಖರ್ಚು ಮಾಡಿದರೆ ಮುಂದಿನ ವರ್ಷದ ಶುಲ್ಕ ಮನ್ನಾ. ಹತ್ತು ಶೇಕಡ ರಿಯಾಯಿತಿ ನಮ್ಮ ಬಿಲ್ಲಿನಿಂದ ಕಳೆಯುವುದಲ್ಲವಂತೆ. ಕಾರ್ಡನ್ನು ಸಕ್ರಿಯಗೊಳಿಸಿದ ಮೇಲೆ 460 ರೂಪಾಯಿಯ ನಾಲ್ಕು ಕೂಪನ್‌ಗಳು ಬರುತ್ತವೆ. ಒಂದು ಸಲಕ್ಕೆ ಒಂದನ್ನೇ ಬಳಸಬೇಕು. ಪ್ರತಿ ಸಲವೂ ಕನಿಷ್ಠ 3,000 ರೂಪಾಯಿಯ ಖರೀದಿ ಆಗಬೇಕು. ಅರವತ್ತು ದಿನದೊಳಗೆ ಎಲ್ಲ ಮುಗಿಯಬೇಕು. ಅಂದರೆ 1,840 ರೂಪಾಯಿ ಉಳಿಸಲು ಇನ್ನೂ 12,000 ರೂಪಾಯಿ ಖರ್ಚು ಮಾಡಬೇಕು, ಎರಡು ತಿಂಗಳಲ್ಲಿ ನಾಲ್ಕು ಸಲ ಅದೇ ಮಳಿಗೆಗೆ ಹೋಗಬೇಕು. ರಿಯಾಯಿತಿ ಎಂಬ ಶಬ್ದಕ್ಕೆ ಈ ಅರ್ಥ ಯಾವ ನಿಘಂಟಿನಲ್ಲಿದೆಯೋ ತಿಳಿಯದು.

ಮರುದಿನ ಬೆಳಗ್ಗೆಯೇ ಬ್ಯಾಂಕಿಗೂ ಮಳಿಗೆಗೂ ಇ-ಮೇಲ್ ಬರೆದೆ: ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆ, ಕಾರ್ಡು ಕಳುಹಿಸಬೇಡಿ. ಎರಡೂ ಕಡೆಯಿಂದ ಸ್ವೀಕೃತಿ ಬಂತು. ನವೆಂಬರಿನ ನಡುವೆ ಕಾರ್ಡೂ ಬಂತು.

ಆ ಲಕೋಟೆಯನ್ನು ಕಪಾಟಿನಲ್ಲಿಟ್ಟೆ, ಕಾರ್ಡನ್ನು ಸಕ್ರಿಯಗೊಳಿಸಲಿಲ್ಲ. ಡಿಸೆಂಬರಿನಲ್ಲಿ ಮೊದಲ ಬಿಲ್: 499 ರೂಪಾಯಿ, ಜಿಎಸ್‌ಟಿ 89 ರೂಪಾಯಿ 82 ಪೈಸೆ. ಮಳಿಗೆಗೆ ಹೋದೆ. ಅಲ್ಲಿನ ಗ್ರಾಹಕ ಸೇವೆಯವರು ನಗುಮುಖದಿಂದಲೇ, “ಕಾರ್ಡು ಬ್ಯಾಂಕಿನವರದು ಸಾರ್, ನಮಗೂ ಅದಕ್ಕೂ ಸಂಬಂಧವಿಲ್ಲ” ಎಂದರು. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡಕ್ಕಾಗಿ 6 ಒತ್ತಿ ಎಂದಿತು. ಒತ್ತಿದರೆ ಹತ್ತು ನಿಮಿಷ ವಾದ್ಯಸಂಗೀತ, ಆಮೇಲೆ ಕರೆ ಕಡಿತ. ಮೂರನೆಯ ದಿನ ಇಂಗ್ಲಿಷ್ ಆರಿಸಿಕೊಂಡಾಗ ಅರ್ಧ ನಿಮಿಷದಲ್ಲಿ ಮನುಷ್ಯಧ್ವನಿ ಕೇಳಿಸಿತು. “ಶುಲ್ಕ ಇಲ್ಲವೆಂದು ಹೇಳಿದವರು ಮಳಿಗೆಯ ಸಿಬ್ಬಂದಿ. ಅವರನ್ನೇ ಕೇಳಿ” ಎಂದಿತು ಆ ಧ್ವನಿ. ಆ ಹುಡುಗಿ ಮಳಿಗೆಯ ಸಿಬ್ಬಂದಿಯೂ ಅಲ್ಲ, ಬ್ಯಾಂಕಿನ ಸಿಬ್ಬಂದಿಯೂ ಅಲ್ಲ, ಮೂರನೆಯ ಏಜೆನ್ಸಿಯೊಂದರ ಗುತ್ತಿಗೆಯವಳು ಎಂಬುದು ನನಗೆ ತಿಳಿದದ್ದು ಆಮೇಲೆ. ದಿನಕ್ಕೆ ಇಷ್ಟು ಅರ್ಜಿ ತುಂಬಿಸಬೇಕೆಂಬ ಗುರಿ ಅವಳಿಗಿತ್ತು. ಅವಳ ಮೇಲೆ ನನಗೆ ಕೋಪವಿಲ್ಲ. ಏನು ಹೇಳಿಕೊಟ್ಟಿದ್ದರೋ ಅದನ್ನು ಹೇಳಿದಳು.

ಡಿಸೆಂಬರಿನ ಮೂರನೆಯ ವಾರ ಇನ್ನೊಂದು ಕರೆ. ಈ ಬಾರಿ ಅವರೇ ಮಾಡಿದ್ದರು. “ಸಾರ್, ನಿಮ್ಮ ಕಾರ್ಡ್ ಕ್ಯಾನ್ಸಲ್ ಮಾಡ್ತಾ ಇದ್ದೀವಿ, ಒಂದು ಒಟಿಪಿ ಬಂದಿರುತ್ತೆ, ಹೇಳಿ” ಎಂದರು. ಸಂದೇಶ ತೆರೆದು ನೋಡಿದೆ. ಅದು ಕಾರ್ಡನ್ನು ಸಕ್ರಿಯಗೊಳಿಸುವುದಕ್ಕೆ ಬಂದ ಒಟಿಪಿ ಎಂದು ಅದರಲ್ಲೇ ಇತ್ತು. ಆ ಸಾಲನ್ನು ಓದಿ ಹೇಳಿದೆ. ಕರೆ ತಟಕ್ಕನೆ ಕಡಿಯಿತು. ಕರೆ ಮಾಡಿದವರು ಬ್ಯಾಂಕಿನವರೋ, ಏಜೆನ್ಸಿಯವರೋ, ವಂಚಕರೋ ಇಂದಿಗೂ ಗೊತ್ತಾಗಿಲ್ಲ. ಆದರೆ ನನ್ನ ಕಾರ್ಡು ಮೂವತ್ತು ದಿನ ಕಳೆದರೂ ಸಕ್ರಿಯವಾಗಿಲ್ಲ ಎಂಬ ಸಂಗತಿ ಹೊರಗಿನವರಿಗೆ ಹೇಗೆ ತಿಳಿದೀತು?

ಆ ಮೂವತ್ತು ದಿನಕ್ಕೆ ಒಂದು ಮಹತ್ವವಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ವಿತರಣೆಯ ಬಗ್ಗೆ ವಿಸ್ತಾರವಾದ ನಿರ್ದೇಶನಗಳನ್ನು ಹೊರಡಿಸಿತು. ಜುಲೈ 1ರಿಂದ ಅವು ಜಾರಿಗೆ ಬಂದವು. ವಿತರಿಸಿದ ಮೂವತ್ತು ದಿನದೊಳಗೆ ಕಾರ್ಡು ಸಕ್ರಿಯವಾಗದಿದ್ದರೆ ಗ್ರಾಹಕನಿಂದ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳಲ್ಲಿ ಯಾವ ಶುಲ್ಕವೂ ಇಲ್ಲದೆ ಖಾತೆಯನ್ನು ಮುಚ್ಚಬೇಕು ಎಂದು ಅವು ಹೇಳಿದವು. ಕೇಳದ ಕಾರ್ಡನ್ನು ಕಳುಹಿಸಿ ಬಿಲ್ ಮಾಡಿದರೆ ಆ ಮೊತ್ತವನ್ನು ಹಿಂದಿರುಗಿಸುವುದಲ್ಲದೆ ಅದರ ಎರಡರಷ್ಟನ್ನು ದಂಡವಾಗಿ ಗ್ರಾಹಕನಿಗೆ ಕೊಡಬೇಕು. ಕಾರ್ಡು ಮುಚ್ಚಿ ಎಂದು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ, ಖಾತೆಯಲ್ಲಿ ಬಾಕಿ ಇರಬಾರದಷ್ಟೇ. ಸಕ್ರಿಯವಾಗದ ಕಾರ್ಡಿನ ವಿವರವನ್ನು ಸಾಲದ ಇತಿಹಾಸ ದಾಖಲಿಸುವ ಸಂಸ್ಥೆಗಳಿಗೆ ಕಳುಹಿಸಬಾರದು. ಷರತ್ತುಗಳು ಸರಳ ಭಾಷೆಯಲ್ಲಿರಬೇಕು. ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ಒಳ್ಳೆಯದು ಎಂದೂ ಇತ್ತು. ‘ಇದ್ದರೆ ಒಳ್ಳೆಯದು’ ಎಂಬ ಈ ಸೌಜನ್ಯದ ಬಾಗಿಲಿನಿಂದಲೇ ಕನ್ನಡ ಹೊರಗೆ ಹೋಗಿದೆ. ಹಾಸನದ ಕನ್ನಡದಲ್ಲಿ ಮಾರುವ ವಸ್ತುವಿನ ಕರಾರು ಮಾತ್ರ ಇಂಗ್ಲಿಷಿನಲ್ಲಿರುವುದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ನಿಯಮಗಳು ಒಳ್ಳೆಯವು. ಅವುಗಳನ್ನು ಬರೆದವರಿಗೆ ಬ್ಯಾಂಕುಗಳ ಚಾಳಿ ಚೆನ್ನಾಗಿ ಗೊತ್ತಿದೆ ಎನ್ನುವುದೂ ಸ್ಪಷ್ಟ. ಆದರೆ ಅವು ನನ್ನಂಥವನ ಮಟ್ಟಕ್ಕೆ ಇಳಿದು ಬರುವಾಗ ಏನಾಗುತ್ತವೆ ಎಂಬುದನ್ನು ನೋಡಿ. 2024ರ ಜನವರಿ 3ರಂದು, ಈ ನಿಯಮಗಳನ್ನು ಉಲ್ಲೇಖಿಸಿ, ಕಾರ್ಡನ್ನು ಮುಚ್ಚಿ ಶುಲ್ಕವನ್ನು ರದ್ದುಪಡಿಸಿ ಎಂದು ಬರೆದೆ. ಅಷ್ಟರಲ್ಲಿ ತಡಪಾವತಿ ಶುಲ್ಕವೆಂದು 100 ರೂಪಾಯಿಯೂ ಅದರ ಮೇಲಿನ ತೆರಿಗೆಯೂ ಸೇರಿ ನನ್ನ ‘ಬಾಕಿ’ 706 ರೂಪಾಯಿ 82 ಪೈಸೆಗೆ ಏರಿತ್ತು. ಉತ್ತರ ಹೀಗಿತ್ತು: ತಮ್ಮ ಖಾತೆಯಲ್ಲಿ ಬಾಕಿ ಇರುವುದರಿಂದ ಮುಚ್ಚಲು ಸಾಧ್ಯವಿಲ್ಲ, ಬಾಕಿ ಪಾವತಿಸಿದ ನಂತರ ಕೋರಿಕೆಯನ್ನು ಪರಿಶೀಲಿಸಲಾಗುವುದು.

ಕಟ್ಟಿದರೆ ಕಾರ್ಡನ್ನೂ ಶುಲ್ಕವನ್ನೂ ಒಪ್ಪಿಕೊಂಡಂತೆ. ಕಟ್ಟದಿದ್ದರೆ ಬಾಕಿ ಬೆಳೆಯುತ್ತದೆ, ಖಾತೆ ಮುಚ್ಚುವುದಿಲ್ಲ, ದಿನಕ್ಕೆ 500 ರೂಪಾಯಿಯ ದಂಡವೂ ಅನ್ವಯಿಸುವುದಿಲ್ಲ, ಏಕೆಂದರೆ ಬಾಕಿ ಇದೆ! ತಾನೇ ಹುಟ್ಟಿಸಿದ ಬಾಕಿಯನ್ನು ತೋರಿಸಿ ತನ್ನ ಮೇಲಿನ ದಂಡದಿಂದ ಪಾರಾಗುವ ಈ ಉಪಾಯವನ್ನು ಕಂಡುಹಿಡಿದವರಿಗೆ ನಾನು ತರ್ಕಶಾಸ್ತ್ರದಲ್ಲಿ ಪೂರ್ಣ ಅಂಕ ಕೊಡುತ್ತಿದ್ದೆ.

ಆ ನಡುವೆ ವಸೂಲಿಯ ಕರೆಗಳು ಶುರುವಾದವು. ಮಧ್ಯಾಹ್ನ ಒರಗಿಕೊಳ್ಳುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. “ಏಳುನೂರು ರೂಪಾಯಿಗೆ ಯಾಕೆ ಸಾರ್ ಇಷ್ಟು ಯೋಚನೆ ಮಾಡ್ತೀರಿ?” ಎಂದು ಒಬ್ಬಾತ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. ಪತ್ನಿಯೂ ಅದನ್ನೇ ಕೇಳಿದಳು. ಮಗನಂತೂ, “ಅಪ್ಪ, ನಾನೇ ಕಟ್ಟಿಬಿಡ್ತೀನಿ, ಬಿಟ್ಟಾಕಿ” ಎಂದ. ಈ ವ್ಯವಹಾರ ನಿಂತಿರುವುದೇ ಆ ‘ಬಿಟ್ಟಾಕಿ’ ಎಂಬ ಮಾತಿನ ಮೇಲೆ. ಏಳುನೂರು ರೂಪಾಯಿಗಾಗಿ ನಾಲ್ಕು ತಿಂಗಳು ಪತ್ರ ಬರೆಯುವಷ್ಟು ಬಿಡುವು, ಹಟ, ಇಂಗ್ಲಿಷು ಮೂರೂ ಇರುವವರು ನೂರಕ್ಕೆ ಎಷ್ಟು ಮಂದಿ? ಮೊತ್ತ ಏಳು ಸಾವಿರವಾಗಿದ್ದರೆ ಜನ ಗ್ರಾಹಕ ನ್ಯಾಯಾಲಯಕ್ಕೆ ಹೋದಾರು. ಏಳುನೂರನ್ನು ನಿಟ್ಟುಸಿರು ಬಿಟ್ಟು ಕಟ್ಟುತ್ತಾರೆ.

ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನ ಕಾಯಬೇಕೆಂಬ ನಿಯಮದಂತೆ ಕಾದು, ಫೆಬ್ರುವರಿ 5ರಂದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೆ ದೂರು ಸಲ್ಲಿಸಿದೆ. ಬೇರೆ ಬೇರೆಯಾಗಿದ್ದ ಮೂರು ಒಂಬುಡ್ಸ್‌ಮನ್ ಯೋಜನೆಗಳನ್ನು 2021ರ ನವೆಂಬರಿನಲ್ಲಿ ಒಂದುಗೂಡಿಸಿ, ಅಂತರ್ಜಾಲದ ಮೂಲಕವೇ ದೂರು ಕೊಡುವಂತೆ ಮಾಡಲಾಗಿತ್ತು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದೂರು ದಾಖಲಾದ ಹತ್ತು ದಿನದೊಳಗೆ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಅದುವರೆಗೆ ನನಗೆ ಸಿಕ್ಕದಿದ್ದ ಕನ್ನಡ ಆ ದಿನ ಸಿಕ್ಕಿತು. ತಿಂಗಳ ಕೊನೆಗೆ ಶುಲ್ಕ ರದ್ದಾಯಿತು, ಖಾತೆ ಮುಚ್ಚಿತು. ಎರಡರಷ್ಟು ದಂಡದ ಮಾತೆತ್ತಿದಾಗ, ‘ಸದ್ಭಾವನೆಯ ಸಂಕೇತವಾಗಿ’ ಅದೇ ಮಳಿಗೆಯ 500 ರೂಪಾಯಿಯ ಉಡುಗೊರೆ ಚೀಟಿ ಕೊಡುತ್ತೇವೆ ಎಂದರು. ಬೇಡ, ನಿಯಮದಲ್ಲಿರುವುದನ್ನೇ ಕೊಡಿ ಎಂದು ಬರೆದೆ. ಏಪ್ರಿಲಿನಲ್ಲಿ ನನ್ನ ಉಳಿತಾಯ ಖಾತೆಗೆ 1,413 ರೂಪಾಯಿ 64 ಪೈಸೆ ಜಮೆಯಾಯಿತು. ಅದರ ಜೊತೆಗೆ ಪತ್ರವಿರಲಿಲ್ಲ, ತಪ್ಪಾಯಿತೆಂಬ ಮಾತೂ ಇರಲಿಲ್ಲ. ನಾನು ಬರೆದ ಪತ್ರಗಳು ಹನ್ನೊಂದು. ಮಾಡಿದ ಕರೆಗಳನ್ನು ಎಣಿಸುವುದನ್ನು ಹತ್ತೊಂಬತ್ತಕ್ಕೆ ನಿಲ್ಲಿಸಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಗ ಗೃಹಸಾಲಕ್ಕೆ ಅರ್ಜಿ ಹಾಕುವಾಗ ನನ್ನನ್ನು ಸಹ-ಅರ್ಜಿದಾರನನ್ನಾಗಿ ಸೇರಿಸಿದ. ಸಾಲದ ಇತಿಹಾಸದ ವರದಿ ತರಿಸಿ ನೋಡಿದರೆ, ಎಂದೂ ಬಳಸದ, ಎಂದೂ ಸಕ್ರಿಯಗೊಳಿಸದ ಆ ಕಾರ್ಡಿನ ಹೆಸರಿನಲ್ಲಿ ‘ತಡಪಾವತಿ’ ಎಂಬ ದಾಖಲೆ. ಮೂವತ್ತೆರಡು ವರ್ಷದ ಸೇವೆಯಲ್ಲಿ ಒಂದು ಕಂತನ್ನೂ ತಪ್ಪಿಸದವನ ಹೆಸರಿಗೆ ಈ ಕಳಂಕ. ಅದನ್ನು ಅಳಿಸಲು ಇನ್ನೂ ಐದು ವಾರ ಬೇಕಾಯಿತು. ಇಂಥ ತಿದ್ದುಪಡಿ ಮೂವತ್ತು ದಿನದಲ್ಲಿ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್ 26ರಿಂದ ಜಾರಿಗೆ ಬಂತು. ಅದನ್ನೂ ಕೇಳಿದ್ದರೆ ಇನ್ನೊಂದು ಪತ್ರವ್ಯವಹಾರ ಶುರುವಾಗುತ್ತಿತ್ತು. ಮಗನ ಸಾಲ ಮಂಜೂರಾಯಿತು. ನಾನೂ ಲೇಖನಿ ಕೆಳಗಿಟ್ಟೆ.

ನನ್ನದು ಬಿಡಿ, ನಿವೃತ್ತಿವೇತನ ಬರುವವನ ಹಟ. ಈ ಕಾರ್ಡುಗಳ ನಿಜವಾದ ಗಿರಾಕಿ ನಾನಲ್ಲ. ಬಾಕಿಯನ್ನು ಪೂರ್ತಿ ತೀರಿಸುವವನಿಂದ ಬ್ಯಾಂಕಿಗೆ ಸಿಗುವುದು ಅಲ್ಪ. ಪೂರ್ತಿ ತೀರಿಸಲಾಗದವರೇ ಅದಕ್ಕೆ ಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ನನ್ನ ಈ ಪುರಾಣವನ್ನು ಕೇಳುತ್ತಾ ಕುಳಿತಿದ್ದವಳು ತನ್ನ ಚೀಲದಿಂದ ಇನ್ನೊಂದು ಮಳಿಗೆಯ ಅಂಥದೇ ಕಾರ್ಡನ್ನು ತೆಗೆದಳು. ತಂಗಿಯ ಮದುವೆಯ ಸಮಯದಲ್ಲಿ ಮಾಡಿಸಿಕೊಂಡದ್ದು. 40,000 ರೂಪಾಯಿ ಬಾಕಿ. “ಮಿನಿಮಮ್ ಕಟ್ಕೊಂಡು ಹೋಗ್ತಿದ್ದೀನಿ ಸಾರ್, ಒಂದು ತಿಂಗಳೂ ತಪ್ಪಿಸಿಲ್ಲ” ಎಂದಳು, ತುಸು ಹೆಮ್ಮೆಯಿಂದಲೇ.

ಹಾಳೆಯೊಂದನ್ನು ತೆಗೆದುಕೊಂಡು ಲೆಕ್ಕ ಹಾಕಿದೆವು. ಕನಿಷ್ಠ ಮೊತ್ತ ಬಾಕಿಯ ಶೇ 5, ಅಂದರೆ ಮೊದಲ ತಿಂಗಳು 2,000 ರೂಪಾಯಿ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 1,400. ಅದರ ಮೇಲೆ ಜಿಎಸ್‌ಟಿ 252. ಕಟ್ಟಿದ 2,000 ರೂಪಾಯಿಯಲ್ಲಿ 1,652 ಅಲ್ಲಿಗೇ ಹೋಯಿತು. ಅಸಲು ಇಳಿದದ್ದು 348. ಇನ್ನು ಮುಂದೆ ಒಂದು ಕರವಸ್ತ್ರವನ್ನೂ ಅವಳು ಆ ಕಾರ್ಡಿನಿಂದ ಕೊಳ್ಳುವುದಿಲ್ಲವೆಂದೇ ಇಟ್ಟುಕೊಳ್ಳೋಣ. ವರ್ಷವಿಡೀ ಸುಮಾರು 23,000 ರೂಪಾಯಿ ಕಟ್ಟಿದ ಮೇಲೂ 36,000 ಉಳಿದಿರುತ್ತದೆ. ಬಾಕಿ ಅರ್ಧಕ್ಕಿಳಿಯಲು ಆರೂವರೆ ವರ್ಷ ಬೇಕು. ತಿಂಗಳಿಗೆ ಮೂರೂವರೆ ಎಂದರೆ ಕೇಳುವ ಕಿವಿಗೆ ಸಣ್ಣದಾಗಿಯೇ ಕೇಳುತ್ತದೆ. ವರ್ಷಕ್ಕೆ ಸರಳವಾಗಿ ಎಣಿಸಿದರೆ 42, ಚಕ್ರಬಡ್ಡಿಯಲ್ಲಿ 51. ಇನ್ನೊಂದು ಸೂಕ್ಷ್ಮವಿದೆ. ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ಇಲ್ಲವಾಗುತ್ತದೆ. 20,000ದ ಬಿಲ್ಲಿಗೆ 19,000 ಕಟ್ಟಿದವನೂ ಕೊಂಡ ದಿನದಿಂದ ಕಟ್ಟಿದ ದಿನದವರೆಗೆ ಪೂರ್ತಿ 20,000ಕ್ಕೆ ಬಡ್ಡಿ ತೆರಬೇಕು. ಸಾಲದ ಮಾತು ಬಂದೊಡನೆ ಸರ್ವಜ್ಞನನ್ನು ಕರೆತರುವುದು ನಮ್ಮ ಲೇಖಕರ ರೂಢಿ. ಈ ಲೆಕ್ಕ ಅವನ ಕಾಲದ ಸಾಹುಕಾರರಿಗೆ ಹೊಳೆದಿರಲಾರದು, ಅವನಿಗೆ ವಿಶ್ರಾಂತಿ ಕೊಡೋಣ.

ಕನಿಷ್ಠ ಮೊತ್ತವನ್ನು ಕಟ್ಟುತ್ತಾ ಹೋದರೂ ಅಸಲು ಬೆಳೆಯುವಂತಿರಬಾರದು ಎಂದು 2022ರ ನಿರ್ದೇಶನ ಹೇಳಿತ್ತು. ಅವಳ ಅಸಲು ಬೆಳೆಯುತ್ತಿಲ್ಲ. 348 ರೂಪಾಯಿ ಇಳಿಯುತ್ತಿದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಮರುಪಾವತಿ ವರ್ಷಗಟ್ಟಲೆ ಲಂಬಿಸುತ್ತದೆಂಬ ಎಚ್ಚರಿಕೆ ಬಿಲ್ಲಿನಲ್ಲಿರಬೇಕು. ಇದೆ, ಎರಡನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ. ನಿಯಮ ಅಕ್ಷರಶಃ ಪಾಲನೆಯಾಗಿದೆ.

ಈ ಬಡ್ಡಿಗೆ ಮಿತಿಯೇ ಇಲ್ಲವೇ ಎಂದು ಅವಳು ಕೇಳಿದಳು. ಒಂದು ಕಾಲಕ್ಕೆ ಇತ್ತು ಎನ್ನಬಹುದು. ಗುಜರಾತಿನ ‘ಆವಾಜ್’ ಎಂಬ ಸಂಸ್ಥೆ ಮತ್ತಿತರರ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವು 2008ರ ಜುಲೈನಲ್ಲಿ, ಬಾಕಿಯ ಮೇಲೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಕೊಟ್ಟಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಬಡ್ಡಿದರದ ವಿಷಯ ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಸೇರಿದ್ದು, ಒಪ್ಪಿತವಾದ ಕರಾರನ್ನು ಆಯೋಗ ತಿದ್ದಿ ಬರೆಯುವಂತಿಲ್ಲ ಎಂಬುದು ಅದರ ನಿಲುವು. ಕಾರ್ಡುದಾರರು ತಿಳಿವಳಿಕೆಯುಳ್ಳವರು, ವಿದ್ಯಾವಂತರು, ಷರತ್ತುಗಳಿಗೆ ಒಪ್ಪಿದವರು ಎಂಬ ಅರ್ಥದ ಮಾತೂ ಅದರಲ್ಲಿದೆ. ನ್ಯಾಯಾಲಯದ ಕಾನೂನು ವಿವೇಚನೆಯನ್ನು ಪ್ರಶ್ನಿಸುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಈ ಪುಟವನ್ನು ಓದುತ್ತಿರುವ ವಿದ್ಯಾವಂತರನ್ನೇ ಕೇಳುತ್ತೇನೆ: ಕೈಯಲ್ಲಿ ಸಾಮಾನು, ಹಿಂದೆ ಸಾಲು, ಮಗ್ಗುಲಲ್ಲಿ ಅಳುವ ಮಗು ಇರುವಾಗ ನಲವತ್ತು ಪುಟದ ಕರಾರನ್ನು ನಿಮ್ಮಲ್ಲಿ ಎಷ್ಟು ಮಂದಿ ಓದಿದ್ದೀರಿ?

ಮಳಿಗೆಯ ಜವಾಬ್ದಾರಿಯ ಪ್ರಶ್ನೆ ಇರುವುದು ಇಲ್ಲಿ. 2022ರ ನಿರ್ದೇಶನ ಸಹ-ಬ್ರ್ಯಾಂಡ್ ಪಾಲುದಾರನ ಪಾತ್ರವನ್ನು ಮಾರಾಟ ಪ್ರಚಾರ, ವಿತರಣೆ ಮತ್ತು ತನ್ನ ಸರಕು ಸೇವೆಗಳನ್ನು ಒದಗಿಸುವುದಕ್ಕೆ ಸೀಮಿತಗೊಳಿಸಿತು. ಕಾರ್ಡಿನ ವಹಿವಾಟಿನ ಮಾಹಿತಿ ಅವನ ಕೈಗೆ ಸಿಗಬಾರದು ಎಂದಿತು. ಉದ್ದೇಶ ಒಳ್ಳೆಯದೇ: ನಾವು ಔಷಧಿ ಅಂಗಡಿಯಲ್ಲಿ ಏನು ಕೊಂಡೆವೆಂಬುದು ಬಟ್ಟೆ ಅಂಗಡಿಗೆ ಏಕೆ ತಿಳಿಯಬೇಕು? ಆದರೆ ಇದೇ ಮಿತಿಯನ್ನು ಮಳಿಗೆಗಳು ಗುರಾಣಿಯಾಗಿ ಹಿಡಿದಿವೆ. ಕೊಡುವಾಗ ‘ನಮ್ಮ ಕಾರ್ಡ್’, ದೂರು ಬಂದಾಗ ‘ಬ್ಯಾಂಕಿನವರದು’. ಗ್ರಾಹಕನ ಮೊಬೈಲ್ ಸಂಖ್ಯೆಯನ್ನು ಪಡೆಯುವವರೂ ಅವರೇ. ಬಿಲ್ ಮಾಡಲು ಸಂಖ್ಯೆ ಕೊಡಲೇಬೇಕೆಂದು ಒತ್ತಾಯಿಸಕೂಡದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿತು. ಅನಂತರವೂ ಕಟ್ಟೆಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ “ನಂಬರ್ ಹೇಳಿ ಸಾರ್” ಎಂಬುದೇ.

ನನ್ನ ಸಲಹೆ ಬಹಳ ಸರಳವಾದದ್ದು. ಕಾರ್ಡನ್ನು ಎಲ್ಲಿ ಮಾರುತ್ತಾರೋ ಅಲ್ಲಿಯೇ ಅದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇರಬೇಕು. ಅರ್ಜಿ ತುಂಬಿಸಿಕೊಳ್ಳಲು ಒಂದು ಮೇಜು, ಒಬ್ಬ ನೌಕರ, ಒಂದು ಟ್ಯಾಬ್ಲೆಟ್ ಸಾಕಾಗುತ್ತದೆಂದರೆ ಮುಚ್ಚುವ ಕೋರಿಕೆಯನ್ನು ಸ್ವೀಕರಿಸಿ ದಿನಾಂಕದೊಂದಿಗೆ ರಸೀತಿ ಕೊಡಲೂ ಅಷ್ಟೇ ಸಾಕು. ಇದಕ್ಕೆ ಗ್ರಾಹಕನ ವಹಿವಾಟಿನ ಮಾಹಿತಿ ಮಳಿಗೆಗೆ ಬೇಕಿಲ್ಲ, ಆ ರಸೀತಿಯ ದಿನದಿಂದ ಏಳು ದಿನದ ಲೆಕ್ಕ ಶುರುವಾದರೆ ಸಾಕು. ಸಕ್ರಿಯವಾಗದ ಕಾರ್ಡಿನ ಶುಲ್ಕವನ್ನು ‘ಬಾಕಿ’ ಎಂದು ಪರಿಗಣಿಸಕೂಡದೆಂದು ಒಂದು ಸಾಲು ಸೇರಿಸಿದರೆ ಆ ಸೊಗಸಾದ ತರ್ಕವೂ ಕೊನೆಗೊಳ್ಳುತ್ತದೆ. ಅರ್ಜಿಗೆ ಮೊದಲು ಕೊಡಬೇಕಾದ ಒಂದು ಪುಟದ ಮುಖ್ಯಾಂಶಗಳ ಹಾಳೆ ಮಾರುವವರು ಆಡುವ ಭಾಷೆಯಲ್ಲಿಯೇ ಇರಬೇಕು. ‘ಇದ್ದರೆ ಒಳ್ಳೆಯದು’ ಎಂಬ ಮಾತು ಹೋಗಿ ‘ಇರತಕ್ಕದ್ದು’ ಎಂದಾಗಬೇಕು. ಮಳಿಗೆಗೆ ಪ್ರತಿ ಕಾರ್ಡಿಗೆ ಸಿಗುವ ಪ್ರತಿಫಲವನ್ನು ಕಾರ್ಡು ಆರು ತಿಂಗಳು ದೂರಿಲ್ಲದೆ ನಡೆದ ಮೇಲೆಯೇ ಕೊಡುವಂತಾದರೆ ಮೇಜಿನ ಹಿಂದಿನ ಹುಡುಗಿಗೆ ಹೇಳಿಕೊಡುವ ಪಾಠವೂ ಬದಲಾದೀತು.

ನನ್ನ ವಿದ್ಯಾರ್ಥಿನಿ ತನ್ನ ಕಚೇರಿಯವರ ಪತ್ತಿನ ಸಹಕಾರ ಸಂಘದಿಂದ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿದಳು. ಸಂಘದ ಬಡ್ಡಿ ಕಾರ್ಡಿನ ಮೂರನೆಯ ಒಂದಕ್ಕಿಂತ ಕಡಿಮೆ. ಕಂತು ಇನ್ನೂ ಇದೆ, ಆದರೆ ಪ್ರತಿ ತಿಂಗಳೂ ಅಸಲು ಇಳಿಯುವುದು ಅವಳ ಪಾಸ್‌ಪುಸ್ತಕದಲ್ಲಿ ಕಣ್ಣಿಗೆ ಕಾಣುತ್ತದೆ.

ಮೇಲಿನ ಸಲಹೆಗಳನ್ನು ರಿಸರ್ವ್ ಬ್ಯಾಂಕಿಗೂ, ಒಂದು ಪ್ರತಿಯನ್ನು ಮಳಿಗೆಯ ವ್ಯವಸ್ಥಾಪಕರಿಗೂ ಕಳುಹಿಸಿದ್ದೇನೆ. ವ್ಯವಸ್ಥಾಪಕರು ಮರುವಾರವೇ ಉತ್ತರಿಸಿದರು. ತಮ್ಮಲ್ಲಿ ಕೊಂಡ ಸಿದ್ಧ ಉಡುಪುಗಳನ್ನು ಬಿಲ್ ಸಮೇತ ಮೂವತ್ತು ದಿನದೊಳಗೆ, ಯಾವ ಕಾರಣವನ್ನೂ ಕೇಳದೆ, ನೆಲಮಹಡಿಯ ಕೌಂಟರಿನಲ್ಲಿ ಹಿಂದಕ್ಕೆ ಪಡೆಯಲಾಗುವುದೆಂದೂ ಕಾರ್ಡಿನ ವಿಷಯದಲ್ಲಿ ದಯವಿಟ್ಟು ಬ್ಯಾಂಕನ್ನು ಸಂಪರ್ಕಿಸಬೇಕೆಂದೂ ತಿಳಿಸಿದ್ದಾರೆ. ಪತ್ರದ ಕೊನೆಯಲ್ಲಿ, ಮುಂದಿನ ಖರೀದಿಗೆಂದು, ಶೇ 10ರ ಕೂಪನ್ ಸಂಖ್ಯೆಯೊಂದಿದೆ.